ಎಟಿಪಿಯ ತಿರುಗಣಿ

ಯಾವ ಗಳಿಗೆಯಲ್ಲಿ ಅಳೆದರೂ ನಮ್ಮ ಮೈಯಲ್ಲಿರುವ ಎಟಿಪಿ ನೂರು ಗ್ರಾಂ ಆಸುಪಾಸು. ಅದಕ್ಕೂ ಕಡಿಮೆ ಎನ್ನುವ ಅಂದಾಜುಗಳೂ ಉಂಟು. ಆದರೆ ದಿನವೊಂದಕ್ಕೆ ನಾವು ಖರ್ಚು ಮಾಡುವ ಎಟಿಪಿ ಹೆಚ್ಚುಕಡಿಮೆ ನಮ್ಮ ದೇಹದಷ್ಟೇ ತೂಗುತ್ತದೆ. ಸ್ನಾಯು ಬಿಗಿಯುವಾಗ, ನರ ಸುದ್ದಿ ಕಳಿಸುವಾಗ, ಜೀವಕೋಶ ಪ್ರೋಟೀನು ಹೆಣೆಯುವಾಗ ಎಟಿಪಿಯ ಮೂರು ಫಾಸ್ಫೇಟುಗಳಲ್ಲಿ ಒಂದು ಕಳಚಿ ಎಡಿಪಿ ಉಳಿಯುತ್ತದೆ. ಕಳಚಿದ್ದನ್ನು ದಿನಕ್ಕೆ ನೂರಾರು ಸಲ ಮತ್ತೆ ಕೂಡಿಸಿದರೆ ಮಾತ್ರ ಈ ಲೆಕ್ಕ ತಾಳೆಯಾಗುತ್ತದೆ. ಕೂಡಿಸುವವರು ಯಾರು, ಹೇಗೆ? ಕಳೆದ ಶತಮಾನದ ಜೀವರಸಾಯನ ಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಪ್ರಶ್ನೆ ನನಗಂತೂ ಕಾಣದು. ಉತ್ತರ ಹುಡುಕಿದವರ ಕೈಕಸುಬಂತೂ ಪ್ರಶ್ನೆಗಿಂತ ಒಂದು ಕೈ ಮೇಲು.

ಎಟಿಪಿ ಪತ್ತೆಯಾದದ್ದು 1929ರಲ್ಲಿ. ಜರ್ಮನಿಯಲ್ಲಿ ಕಾರ್ಲ್ ಲೋಮನ್, ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಮತ್ತು ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅದನ್ನು ಬೇರೆಬೇರೆಯಾಗಿ ಗುರುತಿಸಿದರು. ಗ್ಲೂಕೋಸಿನ ಒಂದು ಅಣುವನ್ನು ಒಡೆಯುವ ಮೊದಲ ಹಂತದಲ್ಲಿ ಕೋಶಕ್ಕೆ ಸಿಗುವ ಲಾಭ ಬರೀ 2 ಎಟಿಪಿ. ಆಮ್ಲಜನಕ ಬಳಸಿ ಪೂರ್ತಿ ಉರಿಸಿದರೆ 30ರ ಆಸುಪಾಸು, ಅದರಲ್ಲಿ ಬಹುಪಾಲು ಮೈಟೊಕಾಂಡ್ರಿಯದೊಳಗೆ. ಆಹಾರ ಉರಿಯುವುದು, ಎಟಿಪಿ ಕಟ್ಟುವುದು, ಇವೆರಡರ ನಡುವೆ ಶಕ್ತಿಯನ್ನು ಹೊತ್ತು ದಾಟಿಸುವ ಯಾವುದೋ ರಾಸಾಯನಿಕ ಇರಲೇಬೇಕೆಂದು 1950ರ ದಶಕವಿಡೀ ಹುಡುಕಿದರು. ಸಿಗಲಿಲ್ಲ.

ಅಂಥದ್ದು ಇಲ್ಲವೇ ಇಲ್ಲ ಎಂದು 1961ರಲ್ಲಿ ಬರೆದವರು ಇಂಗ್ಲೆಂಡಿನ ಪೀಟರ್ ಮಿಚೆಲ್. ಆಹಾರದಿಂದ ಕಿತ್ತ ಎಲೆಕ್ಟ್ರಾನುಗಳು ಮೈಟೊಕಾಂಡ್ರಿಯದ ಒಳಪೊರೆಯ ಪ್ರೋಟೀನುಗಳನ್ನು ದಾಟಿ ಆಮ್ಲಜನಕ ಸೇರುವಾಗ ಪ್ರೋಟಾನುಗಳು ಪೊರೆಯಾಚೆಗೆ ತಳ್ಳಲ್ಪಡುತ್ತವೆ. ಆಚೆ ಗುಂಪುಗೂಡಿದ ಪ್ರೋಟಾನುಗಳು ಅಣೆಕಟ್ಟಿನ ನೀರಿನಂತೆ ಈಚೆ ಹರಿಯಲು ಹವಣಿಸುತ್ತವೆ; ಆ ಹರಿವಿನಿಂದಲೇ ಎಟಿಪಿ ಎಂಬುದು ಅವರ ವಾದ. ಪೊರೆಯ ಎರಡು ಬದಿಗಳ ನಡುವಿನ ವೋಲ್ಟೇಜು ಒಂದು ವೋಲ್ಟಿನ ಏಳರಲ್ಲೊಂದು ಪಾಲಿನಷ್ಟು. ಆದರೆ ಪೊರೆಯ ದಪ್ಪ ಐದಾರು ನ್ಯಾನೊಮೀಟರ್ ಮಾತ್ರವಾದ್ದರಿಂದ ಮೀಟರಿನ ಲೆಕ್ಕಕ್ಕೆ ತಂದರೆ ಸುಮಾರು 3 ಕೋಟಿ ವೋಲ್ಟ್!

ಬಹುಮಂದಿ ಒಪ್ಪಲಿಲ್ಲ. ಮಿಚೆಲ್ ಕಾರ್ನ್‌ವಾಲ್ ಸೀಮೆಯಲ್ಲಿ ಗ್ಲಿನ್ ಹೌಸ್ ಎಂಬ ಹಳೆಯ ಬಂಗಲೆಯನ್ನು ರಿಪೇರಿ ಮಾಡಿಸಿ, ಅಲ್ಲೇ ಪ್ರಯೋಗಾಲಯ ಕಟ್ಟಿ, ಜೆನಿಫರ್ ಮೊಯ್ಲ್ ಜೊತೆ ಕೆಲಸಕ್ಕೆ ಕುಳಿತರು. ಆಮ್ಲಜನಕವಿಲ್ಲದೆ ಇರಿಸಿದ ಮೈಟೊಕಾಂಡ್ರಿಯಗಳಿಗೆ ಚೂರೇ ಚೂರು ಆಮ್ಲಜನಕ ಕೊಟ್ಟೊಡನೆ ಸುತ್ತಲಿನ ದ್ರವ ಹುಳಿಯಾಗುವುದನ್ನು, ಅಂದರೆ ಪ್ರೋಟಾನುಗಳು ಹೊರಬೀಳುವುದನ್ನು, ಅಳೆದು ತೋರಿಸಿದರು. 1966ರಲ್ಲಿ ಆಂಡ್ರೆ ಯಾಗೆಂಡಾರ್ಫ್ ಪಾಲಕ್ ಸೊಪ್ಪಿನ ಕ್ಲೋರೋಪ್ಲಾಸ್ಟ್‌ಗಳನ್ನು ಕತ್ತಲಲ್ಲೇ ಹುಳಿ ದ್ರವದಲ್ಲಿ ನೆನೆಸಿ ಕ್ಷಾರಕ್ಕೆ ಸುರಿದರು. ಬೆಳಕಿನ ಸುಳಿವಿಲ್ಲದೆ ಎಟಿಪಿ ಹುಟ್ಟಿತು. 1974ರಲ್ಲಿ ಎಫ್ರೈಮ್ ರಾಕರ್ ಮತ್ತು ವಾಲ್ಟರ್ ಸ್ಟೋಕನಿಯಸ್ ಸೋಯಾ ಅವರೆಯ ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ಎರಡೇ ಎರಡು ಬಗೆಯ ಪ್ರೋಟೀನು ಕೂರಿಸಿದರು: ಉಪ್ಪುನೀರಿನ ಸೂಕ್ಷ್ಮಾಣುವಿನಿಂದ ತೆಗೆದ, ಬೆಳಕು ಬಿದ್ದರೆ ಪ್ರೋಟಾನು ತಳ್ಳುವ ಒಂದು, ಹಸುವಿನ ಹೃದಯದಿಂದ ತೆಗೆದ, ಎಟಿಪಿ ಕಟ್ಟುವ ಕಿಣ್ವ ಇನ್ನೊಂದು. ದೀಪ ಹಾಕಿದರು, ಎಟಿಪಿ ಬಂತು. ಸಂಬಂಧವೇ ಇಲ್ಲದ ಮೂರು ಜೀವಿಗಳ ಸಾಮಾನು ಒಂದೇ ಗುಳ್ಳೆಯಲ್ಲಿ ಕೂಡಿ ದುಡಿಯಿತೆಂದರೆ ನಡುವೆ ಪ್ರೋಟಾನಲ್ಲದೆ ಬೇರೆ ದಲ್ಲಾಳಿ ಇಲ್ಲವೆಂದೇ ಅರ್ಥ. 1978ರ ರಸಾಯನಶಾಸ್ತ್ರದ ನೊಬೆಲ್ ಮಿಚೆಲ್ ಒಬ್ಬರಿಗೇ ಸಂದಿತು.

ಪೊರೆ ಸೋರಿದರೆ ಏನಾಗುತ್ತದೆ ಎಂಬುದಕ್ಕೆ ಕಹಿ ಸಾಕ್ಷಿಯೂ ಇದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಮೈ ಇಳಿಸಲು ಮಾರುತ್ತಿದ್ದ ಡೈನೈಟ್ರೊಫಿನಾಲ್ ಪ್ರೋಟಾನುಗಳಿಗೆ ಕಳ್ಳದಾರಿ ತೆರೆಯುತ್ತದೆ. ಆಹಾರ ಉರಿಯುತ್ತದೆ, ಎಟಿಪಿ ಆಗುವುದಿಲ್ಲ, ಎಲ್ಲವೂ ಬರೀ ಕಾವು. ಮೈ ಕಾದು ಜನ ಸತ್ತರು. ಕೆಲವರಿಗೆ ಕಣ್ಣಿನ ಪೊರೆ ಬಂತು.

ಇನ್ನು ಆ ಕಿಣ್ವ. ಫಾಸ್ಫೇಟನ್ನು ಎಡಿಪಿಗೆ ಕೂಡಿಸುವುದಕ್ಕಿಂತ ಸಿದ್ಧವಾದ ಎಟಿಪಿಯನ್ನು ಕಿಣ್ವದ ಹಿಡಿತದಿಂದ ಬಿಡಿಸುವುದಕ್ಕೇ ಶಕ್ತಿ ಬೇಕು ಎಂದು ಪಾಲ್ ಬೋಯರ್ ಸೂಚಿಸಿದರು. ಕಿಣ್ವದ ಮೂರು ತಾಣಗಳು ಸರದಿಯಲ್ಲಿ ಎಡಿಪಿ ಹಿಡಿಯುತ್ತವೆ, ಬಿಗಿಯುತ್ತವೆ, ಎಟಿಪಿ ಬಿಡುತ್ತವೆ. ನಡುವಿನ ಅಚ್ಚು ತಿರುಗುವುದರಿಂದ ಸರದಿ ಬದಲಾಗುತ್ತದೆ. 1994ರಲ್ಲಿ ಜಾನ್ ವಾಕರ್ ತಂಡ ಹರಳುಗಟ್ಟಿಸಿ ತೆಗೆದ ಚಿತ್ರದಲ್ಲಿ ಮೂರು ತಾಣಗಳ ರೂಪ ಬೇರೆಬೇರೆಯಾಗಿತ್ತು, ನಡುವೆ ಡೊಂಕಾದ ಅಚ್ಚೂ ಇತ್ತು. ಆದರೆ ಸ್ಥಿರಚಿತ್ರದಲ್ಲಿ ತಿರುಗುವುದು ಕಾಣುವುದಿಲ್ಲವಲ್ಲ!

ಕಂಡದ್ದು 1997ರಲ್ಲಿ, ಜಪಾನಿನಲ್ಲಿ. ಹಿರೊಯುಕಿ ನೊಜಿ, ರ್‍ಯೊಹೆಯಿ ಯಸುದ, ಮಸಾಸುಕೆ ಯೊಶಿದ, ಕಜುಹಿಕೊ ಕಿನೊಸಿತ ಮಾಡಿದ ಆ ಕುಶಲಕರ್ಮವನ್ನು ನಿಧಾನವಾಗಿ ನೋಡಬೇಕು. ಬಿಸಿಯಲ್ಲಿ ಬದುಕುವ ಬ್ಯಾಕ್ಟೀರಿಯದ ಕಿಣ್ವವನ್ನು ಅವರು ಆರಿಸಿಕೊಂಡರು. ಅದು ಗಟ್ಟಿ ಜೀವ. ಪೊರೆಯಲ್ಲಿ ಹುದುಗುವ ಭಾಗ ಬಿಟ್ಟು, ಸುಮಾರು 10 ನ್ಯಾನೊಮೀಟರಿನ ತಲೆಯನ್ನಷ್ಟೇ ಇಟ್ಟುಕೊಂಡರು. ಅದರ ತಳಕ್ಕೆ ಹಿಸ್ಟಿಡಿನ್ ಬಾಲಗಳನ್ನು ಜೋಡಿಸಿದಾಗ ಅವು ನಿಕ್ಕಲ್ ಲೇಪಿಸಿದ ಗಾಜನ್ನು ಬಿಗಿಯಾಗಿ ಕಚ್ಚಿಕೊಂಡವು, ಅಚ್ಚು ಮೇಲ್ಮುಖವಾಯಿತು. ಅಚ್ಚಿನ ತುದಿಗೆ ಸ್ನಾಯುವಿನಲ್ಲಿರುವ ಆಕ್ಟಿನ್ ಪ್ರೋಟೀನಿನ ಎಳೆಯೊಂದನ್ನು ಹೊಳೆಯುವ ಬಣ್ಣ ಹಚ್ಚಿ ಅಂಟಿಸಿದರು. ಎಳೆಯ ಉದ್ದ ಒಂದೆರಡು ಮೈಕ್ರೊಮೀಟರ್, ಅಂದರೆ ಕಿಣ್ವಕ್ಕಿಂತ ನೂರಾರು ಪಟ್ಟು. ಕಿಣ್ವ ಕಾಣದಿದ್ದರೂ ಎಳೆ ಸೂಕ್ಷ್ಮದರ್ಶಕಕ್ಕೆ ಕಾಣುತ್ತದೆ. ಎಟಿಪಿ ಸುರಿದಾಗ, ಪ್ರತಿಯೊಂದು ಎಳೆಯೂ ಅಲ್ಲದಿದ್ದರೂ, ಕೆಲವು ಎಳೆಗಳು ಗಿರಗಿರ ಸುತ್ತತೊಡಗಿದವು, ಅದೂ ಯಾವಾಗಲೂ ಒಂದೇ ದಿಕ್ಕಿಗೆ. ಅದೇ ವರ್ಷ ಬೋಯರ್ ಮತ್ತು ವಾಕರ್‌ಗೆ ನೊಬೆಲ್ ಬಂತು.

ಇದು ಎಟಿಪಿ ಒಡೆದು ತಿರುಗಿದ್ದು. ತಿರುಗಿಸಿದರೆ ಎಟಿಪಿ ಆಗುತ್ತದೆಯೇ? 2004ರಲ್ಲಿ ಇವರ ಬಳಗವೇ ಅಚ್ಚಿಗೆ ಅಯಸ್ಕಾಂತದ ಮಣಿ ಅಂಟಿಸಿ, ಕಾಂತಕ್ಷೇತ್ರದಿಂದ ಹಿಮ್ಮುಖವಾಗಿ ತಿರುಗಿಸಿತು. ಎಟಿಪಿ ಸಿಕ್ಕರೆ ಬೆಳಗುವ ಮಿಂಚುಹುಳದ ಕಿಣ್ವವನ್ನು ದ್ರವಕ್ಕೆ ಬೆರೆಸಿದ್ದರು. ಅದು ಬೆಳಗಿತು.

ಪಿಯುಸಿಯಲ್ಲಿ ಜೀವಶಾಸ್ತ್ರ ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಆ ಎಳೆ ಸುತ್ತುವ ವಿಡಿಯೊ ಅಂತರ್ಜಾಲದಲ್ಲಿ ಸಿಗುತ್ತದೆ. ‘ಮೈಟೊಕಾಂಡ್ರಿಯ ಶಕ್ತಿಕೇಂದ್ರ’ ಎಂದು ಬಾಯಿಪಾಠ ಮಾಡಿಸುವ ಮುಂಚೆ ಅದನ್ನೊಮ್ಮೆ ಮಕ್ಕಳಿಗೆ ತೋರಿಸಿ.