ಪಾದಚಾರಿಗೆ ವಾಹನ ಡಿಕ್ಕಿ: ಪರಿಹಾರದ ಕಾನೂನು ಮತ್ತು ವರ್ತಕರ ಹೊಣೆ

ಕೊಬ್ಬರಿ ಹರಾಜಿನ ದಿನ ತಿಪಟೂರಿನ ಮಾರುಕಟ್ಟೆಯ ಸುತ್ತ ಲಾರಿ, ಟೆಂಪೋ, ಗೂಡ್ಸ್ ಆಟೋಗಳ ಓಡಾಟ ಹೆಚ್ಚು. ಅವುಗಳ ನಡುವೆಯೇ ಹಮಾಲರು, ಕೂಲಿ ಹೆಣ್ಣುಮಕ್ಕಳು, ರೈತರು ಕಾಲ್ನಡಿಗೆಯಲ್ಲಿ ಸಾಗುತ್ತಾರೆ. ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಕಡೆಯ ರಸ್ತೆಗಳು ಹೆದ್ದಾರಿಯನ್ನು ಸೇರುವ ಕೆ.ಬಿ. ಕ್ರಾಸ್‌ನಲ್ಲಿಯೂ ಇದೇ ನೋಟ. ಅಪಘಾತವಾದಾಗ ನಡೆದುಹೋಗುತ್ತಿದ್ದವನು ನಮ್ಮ ಕೆಲಸಗಾರನಾಗಿರಬಹುದು, ಡಿಕ್ಕಿ ಹೊಡೆದ ವಾಹನ ನಮ್ಮದೇ ಆಗಿರಬಹುದು. ಆದ್ದರಿಂದ ಈ ಕಾನೂನನ್ನು ವರ್ತಕರು ಎರಡೂ ಕಡೆಯಿಂದ ತಿಳಿದಿರಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಕಕ್ಷಿದಾರರಾದ ಕೊಬ್ಬರಿ ವರ್ತಕರೊಬ್ಬರ ಹಮಾಲನು ಸಂಜೆ ಮನೆಗೆ ನಡೆದು ಹೋಗುತ್ತಿದ್ದಾಗ ಸರಕು ವಾಹನವೊಂದು ಬಡಿದು ಅವನ ಕಾಲು ಮುರಿಯಿತು. ಹಿರಿಯರು ಕೂಡಿ ಮೂವತ್ತು ಸಾವಿರ ರೂಪಾಯಿ ಕೊಡಿಸಿ ರಾಜಿ ಮಾಡಿಸಿದರು. ಪೊಲೀಸರಿಗೆ ದೂರು ಹೋಗಲಿಲ್ಲ. ವರ್ಷ ಕಳೆದರೂ ಆತನಿಂದ ಮೂಟೆ ಹೊರಲಾಗಲಿಲ್ಲ. ದುಡಿಮೆಗೆ ಪುರಾವೆ ಬೇಕೆಂದು ಬಂದಾಗ ವರ್ತಕರ ಲೆಕ್ಕದಲ್ಲಿದ್ದುದು ‘ಕೂಲಿ ಬಾಬ್ತು’ ಎಂಬ ಒಟ್ಟು ಮೊತ್ತ ಮಾತ್ರ. ಒಬ್ಬರ ಹೆಸರೂ ಇರಲಿಲ್ಲ. ಆ ಲೆಕ್ಕವನ್ನು ಪರಿಶೋಧಿಸಿ ಸಹಿ ಹಾಕಿದವನು ನಾನೇ.

ಪರಿಹಾರದ ಮಾರ್ಗಗಳು

1988ರ ಮೋಟಾರು ವಾಹನಗಳ ಕಾಯ್ದೆಯು 2019ರಲ್ಲಿ ವ್ಯಾಪಕವಾಗಿ ತಿದ್ದುಪಡಿಯಾಯಿತು. ಪರಿಹಾರಕ್ಕೆ ಸಂಬಂಧಿಸಿದ ಹೊಸ ಕಲಮುಗಳು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಗಾಯಾಳುವಿಗೆ ಮುಖ್ಯವಾಗಿ ಮೂರು ಮಾರ್ಗಗಳಿವೆ.

ಮೊದಲನೆಯದು 166ನೇ ಕಲಮು. ಚಾಲಕನ ನಿರ್ಲಕ್ಷ್ಯವನ್ನು ತೋರಿಸಿ, ಆದ ನಷ್ಟಕ್ಕೆ ತಕ್ಕ ಪೂರ್ಣ ಪರಿಹಾರವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಳಬಹುದು. ಕ್ರಿಮಿನಲ್ ಪ್ರಕರಣದಲ್ಲಿರುವಷ್ಟು ಕಟ್ಟುನಿಟ್ಟಿನ ರುಜುವಾತು ಇಲ್ಲಿ ಬೇಕಿಲ್ಲ. ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬೇಕೆಂದೂ ಇಲ್ಲ. ಗಾಯಾಳು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದಲ್ಲಿಯೂ ಹಾಕಬಹುದು. ಬೆಂಗಳೂರಿನಲ್ಲಿ ಗಾಯಗೊಂಡ ತುರುವೇಕೆರೆಯವರು ವಿಚಾರಣೆಗಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ಎರಡನೆಯದು 164ನೇ ಕಲಮು. ಇಲ್ಲಿ ಯಾರ ತಪ್ಪೆಂಬ ಪ್ರಶ್ನೆಯೇ ಏಳುವುದಿಲ್ಲ. ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಗಳನ್ನು ವಾಹನದ ಮಾಲೀಕ ಅಥವಾ ವಿಮಾ ಕಂಪನಿ ಕೊಡತಕ್ಕದ್ದು. ಆದರೆ ವಿಮಾ ಕಂಪನಿಯೊಡನೆ ಈ ಮೊತ್ತಕ್ಕೆ ಒಪ್ಪಿ ಇತ್ಯರ್ಥ ಮಾಡಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ಸಹಿ ಮಾಡುವ ಮುನ್ನ ವಕೀಲರನ್ನು ಕೇಳುವುದು ಒಳ್ಳೆಯದು.

ಮೂರನೆಯದು ಗುದ್ದಿ ಪರಾರಿಯಾದ ವಾಹನದ ಸಂದರ್ಭ. ವಾಹನ ಪತ್ತೆಯಾಗದಿದ್ದರೂ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ದೊರೆಯುತ್ತದೆ. ಅರ್ಜಿಯನ್ನು ನ್ಯಾಯಾಲಯಕ್ಕಲ್ಲ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಂತಹ ಕಂದಾಯ ಅಧಿಕಾರಿಗೆ ಸಲ್ಲಿಸಬೇಕು. ನಮ್ಮ ಮೂರು ತಾಲ್ಲೂಕುಗಳಿಗೂ ಉಪವಿಭಾಗದ ಕಚೇರಿ ತಿಪಟೂರಿನಲ್ಲಿಯೇ ಇದೆ.

ಇವಲ್ಲದೆ, ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ಯೋಜನೆಯಂತೆ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಕಾಲಮಿತಿ

ತಿದ್ದುಪಡಿಯ ನಂತರ ಅರ್ಜಿಯನ್ನು ಅಪಘಾತದಿಂದ ಆರು ತಿಂಗಳೊಳಗೆ ಸಲ್ಲಿಸಬೇಕೆಂಬ ನಿಯಮ ಬಂದಿದೆ. ಇದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಕೂಡದೆಂದು 2025ರ ನವೆಂಬರಿನಲ್ಲಿ ನ್ಯಾಯಾಲಯವು ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿ ಕೂರುವುದು ವ್ಯವಹಾರಸ್ಥರ ಲಕ್ಷಣವಲ್ಲ. ಆರು ತಿಂಗಳನ್ನೇ ಗಡುವೆಂದು ಭಾವಿಸತಕ್ಕದ್ದು.

ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು, ವೈದ್ಯರು ನೀಡಿದ ಅಂಗವೈಕಲ್ಯ ಪ್ರಮಾಣಪತ್ರ ಇವು ಮುಖ್ಯ ದಾಖಲೆಗಳು. ದೂರೇ ಇಲ್ಲದ ರಾಜಿಯಲ್ಲಿ ಇವುಗಳಲ್ಲಿ ಮೊದಲೆರಡು ಹುಟ್ಟುವುದೇ ಇಲ್ಲ.

ಪರಿಹಾರದ ಲೆಕ್ಕ

ಲೆಕ್ಕ ಹಾಕುವ ಕ್ರಮವನ್ನು ಸುಪ್ರೀಂ ಕೋರ್ಟು ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ಪ್ರಕರಣಗಳಲ್ಲಿ ಸ್ಪಷ್ಟಪಡಿಸಿದೆ. ಮಾಸಿಕ ದುಡಿಮೆಗೆ ಭವಿಷ್ಯದ ಏರಿಕೆಯನ್ನು ಸೇರಿಸಿ, ವಾರ್ಷಿಕ ಮೊತ್ತವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ಗಾಯದ ಪ್ರಕರಣದಲ್ಲಿ, ದುಡಿಯುವ ಶಕ್ತಿ ಎಷ್ಟು ಶೇಕಡಾ ಕುಂದಿತೋ ಅಷ್ಟನ್ನು ಕೊಡಲಾಗುತ್ತದೆ. ಕಾಲಿನ ಊನ ಗುಮಾಸ್ತನಿಗಿಂತ ಹಮಾಲನ ದುಡಿಮೆಯನ್ನು ಹೆಚ್ಚು ಕಸಿಯುವುದರಿಂದ ವೃತ್ತಿಯನ್ನೂ ಗಮನಿಸಬೇಕೆಂದು ರಾಜ್‌ಕುಮಾರ್ ಪ್ರಕರಣದ (2010) ತೀರ್ಪು ಹೇಳುತ್ತದೆ.

ಉದಾಹರಣೆಗೆ 38 ವರ್ಷದ ಕೆಲಸಗಾರನ ಮಾಸಿಕ ಕೂಲಿ 15,000 ರೂ. ಎಂದಿಟ್ಟುಕೊಳ್ಳೋಣ. ಭವಿಷ್ಯದ ಏರಿಕೆ ಶೇ. 40 ಸೇರಿಸಿದರೆ 21,000 ರೂ., ವರ್ಷಕ್ಕೆ 2,52,000 ರೂ. ಗುಣಕ 15ರಿಂದ ಗುಣಿಸಿದರೆ 37,80,000 ರೂ. ದುಡಿಯುವ ಶಕ್ತಿ ಶೇ. 30 ಕುಂದಿದ್ದರೆ ಈ ಬಾಬ್ತಿನಲ್ಲಿ 11,34,000 ರೂ. ಸಿಗಬೇಕು. ಚಿಕಿತ್ಸಾ ವೆಚ್ಚ, ನೋವಿನ ಪರಿಹಾರಗಳು ಬೇರೆ. ಕೂಲಿಗೆ ಪುರಾವೆಯಿಲ್ಲದೆ ನ್ಯಾಯಮಂಡಳಿಯು 10,000 ರೂ. ಎಂದು ಅಂದಾಜಿಸಿದರೆ ಇದೇ ಲೆಕ್ಕ 7,56,000 ರೂಪಾಯಿಗೆ ಇಳಿಯುತ್ತದೆ. ವ್ಯತ್ಯಾಸ 3,78,000 ರೂ. ಒಂದು ಕೂಲಿ ಪುಸ್ತಕದ ಬೆಲೆ ಇಷ್ಟು!

ಪುರಾವೆಯಿಲ್ಲದವರು ನಿರಾಶರಾಗಬೇಕಿಲ್ಲ. ನಮ್ಮ ರಾಜ್ಯದ್ದೇ ಆದ ಸೈಯದ್ ಸಾದಿಕ್ ಪ್ರಕರಣದಲ್ಲಿ (2014) ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ಆದಾಯವನ್ನು ದಾಖಲೆಯಿಲ್ಲದೆಯೇ ಮಾಸಿಕ 6,500 ರೂ. ಎಂದು ಸುಪ್ರೀಂ ಕೋರ್ಟು ಒಪ್ಪಿತು. ಆದರೆ ದೆಹಲಿಯವರೆಗೆ ಹೋಗುವ ಶಕ್ತಿ ಎಷ್ಟು ಮಂದಿಗಿದೆ?

ಉಚಿತ ಕಾನೂನು ನೆರವು

ವಕೀಲರಿಗೆ ಹಣವಿಲ್ಲವೆಂಬ ಅಂಜಿಕೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಹಾಗೂ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕೆಲಸಗಾರರು ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರು ಉಚಿತವಾಗಿ ವಕೀಲರ ಸೇವೆ ಪಡೆಯಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. ಸಹಾಯವಾಣಿಯ ಸಂಖ್ಯೆ 15100. ಲೋಕ ಅದಾಲತ್ತಿನಲ್ಲಿ ಪ್ರಕರಣ ಬೇಗ ಮುಗಿಯುತ್ತದಾದರೂ ಅಲ್ಲಿನ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ. ಮೇಲಿನಂತೆ ಲೆಕ್ಕ ಹಾಕಿಕೊಂಡೇ ಒಪ್ಪತಕ್ಕದ್ದು.

ವಾಹನವುಳ್ಳ ವರ್ತಕರಿಗೆ

ಮೂರನೇ ವ್ಯಕ್ತಿಯ ವಿಮೆ ಒಂದು ದಿನವೂ ತಪ್ಪಕೂಡದು. ಅಪಘಾತದ ದಿನ ವಿಮೆ ಇಲ್ಲದಿದ್ದರೆ ಇಡೀ ಪರಿಹಾರವನ್ನು ಮಾಲೀಕನೇ ತುಂಬಬೇಕಾಗುತ್ತದೆ. ಅಂಗಡಿ, ತೋಟಗಳ ಜಪ್ತಿಯವರೆಗೂ ಹೋಗಬಹುದು. ವಾಹನ ಮಾರಿದವರು ನೋಂದಣಿ ಪುಸ್ತಕದಲ್ಲಿ ಹೆಸರು ವರ್ಗಾವಣೆಯಾಯಿತೇ ಎಂದು ನೋಡಬೇಕು. ದಾಖಲೆಯಲ್ಲಿ ಹೆಸರಿರುವವನೇ ಹೊಣೆಗಾರನೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಲಘು ವಾಹನದ ಲೈಸೆನ್ಸ್ ಉಳ್ಳವನು 7,500 ಕಿಲೋಗ್ರಾಮಿಗಿಂತ ಕಡಿಮೆ ಒಟ್ಟು ತೂಕದ ಸರಕು ವಾಹನವನ್ನೂ ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠವು ತೀರ್ಪಿತ್ತಿದೆ. ಆದರೆ ಲೈಸೆನ್ಸಿನ ಅವಧಿ ಮುಗಿದಿದ್ದರೆ ವಿಮಾ ಕಂಪನಿಯು ಗಾಯಾಳುವಿಗೆ ಕೊಟ್ಟ ಹಣವನ್ನು ಮಾಲೀಕನಿಂದ ವಸೂಲು ಮಾಡುವ ಸಂಭವವಿದೆ.

ಅಪಘಾತವಾದರೆ ಚಾಲಕನು ಗಾಯಾಳುವಿಗೆ ವೈದ್ಯಕೀಯ ನೆರವು ದೊರಕಿಸಿ, ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸುವುದು 134ನೇ ಕಲಮಿನಂತೆ ಕಡ್ಡಾಯ. ಪರಾರಿಯಾಗುವುದರಿಂದ ಮಾಲೀಕನ ಹೊಣೆ ಹೆಚ್ಚುವುದೇ ಹೊರತು ತಗ್ಗುವುದಿಲ್ಲ.

ಕಡೆಯದಾಗಿ ಸದಸ್ಯರಲ್ಲಿ ಒಂದು ವಿನಂತಿ. ಪ್ರತಿಯೊಬ್ಬ ಕೆಲಸಗಾರನ ಹೆಸರು, ದಿನ, ಕೂಲಿಯನ್ನು ಬರೆದು ಸಹಿ ಅಥವಾ ಹೆಬ್ಬೆಟ್ಟು ಪಡೆದ ಕೂಲಿ ಪುಸ್ತಕವನ್ನು ಇಡಿರಿ. ಸಾಧ್ಯವಾದರೆ ಬ್ಯಾಂಕಿನ ಮೂಲಕವೇ ಪಾವತಿ ಮಾಡಿರಿ. ಆ ಹಮಾಲನ ಘಟನೆಯ ತರುವಾಯ, ‘ಕೂಲಿ ಬಾಬ್ತು’ ಎಂಬ ಒಂಟಿ ಸಾಲು ಕಂಡರೆ ಹೆಸರುಗಳ ಪಟ್ಟಿ ತರಿಸದೆ ನಾನು ಸಹಿ ಹಾಕುವುದಿಲ್ಲ.