ಕಟಕಟೆಯ ಕಣ್ಣೀರು, ಕಡತದ ಲೆಕ್ಕ

ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ಸಿಎಸ್‌ಪಿ ವಕೀಲರು ಪಾಟೀಸವಾಲಿಗೆ ಎದ್ದರೆಂದರೆ, ಒಗ್ಗರಣೆ ಸೀದರೂ ನಮ್ಮ ಮನೆಯಲ್ಲಿ ಯಾರೂ ಏಳುತ್ತಿರಲಿಲ್ಲ. ಒಂದು ಚುರುಕು ಪ್ರಶ್ನೆ, ಸಾಕ್ಷಿಯ ಹಣೆಯಲ್ಲಿ ಬೆವರು, ಸತ್ಯ ಬಯಲು. ನಾಟಕವಾಗಿ ಸೊಗಸು. ಅದನ್ನೇ ನಂಬಿ ಗಾಯದ ಪರಿಹಾರ ಕೇಳಲು ಹೋದರೆ?

ಸಂಜಯನಗರದ ನಮ್ಮ ಬೀದಿಗೆ ತರಕಾರಿ ತರುವವರಿಗೆ ಹೆಬ್ಬಾಳದ ಬಳಿ ಸ್ಕೂಟರ್ ಬಡಿದು ಕಾಲು ಮುರಿಯಿತು. "ಕುಂಟೋದನ್ನ ಜಡ್ಜ್ ಸಾಹೇಬ್ರೇ ನೋಡ್ತಾರಲ್ಲ ಮೇಷ್ಟ್ರೇ" ಎಂದು ಔಷಧಿ ಚೀಟಿಗಳನ್ನೆಲ್ಲ ಎಸೆದಿದ್ದರು. ವಕೀಲರ ಮೊದಲ ಪ್ರಶ್ನೆ: "ಬಿಲ್ ಎಲ್ಲಿ?"

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕಣ್ಣೀರಿಗಿಂತ ಗುಣಾಕಾರ ದೊಡ್ಡದು. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿಗೆ ತಕ್ಕ ಗುಣಕಗಳನ್ನು ಗೊತ್ತುಮಾಡಿತು. 36ರಿಂದ 40ರವರಿಗೆ ಅದು 15. ತಿಂಗಳಿಗೆ 15,000 ರೂಪಾಯಿ ದುಡಿಯುವ 38ರ ವ್ಯಕ್ತಿಯ ಗಳಿಕೆ ಶಕ್ತಿ ಶೇಕಡ 20 ಕುಂದಿತೆನ್ನಿ. ವರ್ಷದ ನಷ್ಟ 36,000. ಹದಿನೈದರಿಂದ ಗುಣಿಸಿದರೆ 5,40,000 ರೂಪಾಯಿ. ಆಸ್ಪತ್ರೆ ಖರ್ಚು, ನೋವಿನ ಬಾಬ್ತು ಬೇರೆ. ವೈದ್ಯರು ಬರೆದ ಅಂಗವೈಕಲ್ಯದ ಶೇಕಡಾವಾರನ್ನೇ ಗಳಿಕೆಯ ನಷ್ಟವೆಂದು ಹಿಡಿಯಬಾರದು, ಕಸುಬನ್ನೂ ನೋಡಬೇಕು ಎಂದು 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ಕುರ್ಚಿಯಲ್ಲಿ ಕೂತು ದುಡಿಯುವವನ ಕಾಲೂ ತಳ್ಳುಗಾಡಿ ತಳ್ಳುವವನ ಕಾಲೂ ಲೆಕ್ಕದಲ್ಲಿ ಒಂದೇ ಅಲ್ಲ!

ಇದನ್ನೆಲ್ಲ ತೋರಿಸಿದರೆ ಟಿ.ವಿ. ಮುಂದೆ ಯಾರು ಕೂರುತ್ತಾರೆ? ಕಡೆಗೆ ಆಸ್ಪತ್ರೆಯಿಂದ ನಕಲು ತರಿಸಿ ಅರ್ಜಿ ಹಾಕಿದ್ದಾಯಿತು. ಧಾರಾವಾಹಿಯನ್ನು ಧಾರಾಳವಾಗಿ ನೋಡಿ. ಚೀಟಿಗಳನ್ನು ಮಾತ್ರ ಜೋಪಾನವಾಗಿಡಿ.