ವಿದ್ಯುತ್ ಗಿಟಾರಿನ ಒಳಸರಿಗೆಗಳೂ ಅದರ ಸ್ವರಗುಣವೂ

ವಾದ್ಯವನ್ನು ನುಡಿಸುವದು ಒಂದು ವಿದ್ಯೆ. ಅದರ ಒಡಲನ್ನು ಅರಿತುಕೊಳ್ಳುವದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಹೆಣ್ಣುಮಕ್ಕಳಿಗೆ ಕಲಿಸಲು ಬಹುಮಂದಿ ತಾಯಿತಂದೆಗಳು ಮನಃಪೂರ್ವಕವಾಗಿ ಒಪ್ಪುತ್ತಾರೆ. ಆದರೆ ಮಗಳು ತಿರುಪುಳಿಯನ್ನೂ ಬೆಸುಗೆಯ ಕಡ್ಡಿಯನ್ನೂ ಕೈಗೆತ್ತಿಕೊಂಡು ವಾದ್ಯದ ಮುಚ್ಚಳವನ್ನು ಬಿಚ್ಚತೊಡಗಿದಳೆಂದರೆ, ಇದು ನಿನ್ನ ಕೆಲಸವಲ್ಲವೆಂಬ ಮಾತು ಮನೆಯಲ್ಲಿ ಹುಟ್ಟುವದುಂಟು. ಗಿಟಾರಿನ ನಾದವು ಮಂಕಾಗಿದ್ದರೆ ಹೊಸದನ್ನೇ ಕೊಳ್ಳಬೇಕೋ, ಅದನ್ನು ಬಿಚ್ಚಿದರೆ ಅಪಾಯವುಂಟೋ, ಎಂಬೆರಡು ಪ್ರಶ್ನೆಗಳಿಗೆ ನಮಗೆ ತಿಳಿದ ಮಟ್ಟಿಗೆ ಇಲ್ಲಿ ಉತ್ತರ ಕೊಡಲುದ್ಯುಕ್ತರಾಗಿದ್ದೇವೆ. ಗೊಂದಲವಾಗದಂತೆ, ಬೆರಳು ಮೀಟುವದನ್ನು ತಂತಿಯೆಂದೂ ಒಳಗೆ ವಿದ್ಯುತ್ತು ಹರಿಯುವದನ್ನು ಸರಿಗೆಯೆಂದೂ ಕರೆಯುವೆವು.

ವಿದ್ಯುತ್ ಗಿಟಾರಿನಲ್ಲಿ ಸಾಧಾರಣ ಗಿಟಾರಿನಂತೆ ಮರದ ಪೆಟ್ಟಿಗೆಯು ಶಬ್ದವನ್ನು ದೊಡ್ಡದು ಮಾಡುವದಿಲ್ಲ. ಉಕ್ಕಿನ ತಂತಿಗಳ ಕೆಳಗೆ ಪಿಕಪ್ಪು ಎಂಬ ಸಾಧನವಿರುತ್ತದೆ. ಅಯಸ್ಕಾಂತದ ಸುತ್ತಲೂ ಕೂದಲಿನಷ್ಟು ತೆಳುವಾದ ತಾಮ್ರದ ಸರಿಗೆಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್ಪಾಗುತ್ತದೆ. ತಂತಿಯು ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರವು ಕದಲಿ, ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುವದು. ಈ ನಿಯಮವನ್ನು ಮೈಕೆಲ್ ಫ್ಯಾರಡೆಯು ೧೮೩೧ರಲ್ಲಿ ಕಂಡುಹಿಡಿದನು. ಅದನ್ನು ಗಿಟಾರಿಗೆ ಅನ್ವಯಿಸಿದ ಜಾರ್ಜ್ ಬೀಚಮ್ ಎಂಬಾತನಿಗೆ ೧೯೩೭ರಲ್ಲಿ ಅಮೇರಿಕದ ಪೇಟೆಂಟು ದೊರೆಯಿತು.

ಈ ಅಲ್ಪ ವಿದ್ಯುತ್ತು ಆಂಪ್ಲಿಫೈಯರನ್ನು ಸೇರುವ ಮೊದಲು ಸ್ವಿಚ್ಚು, ತಿರುಗುಗುಂಡಿಗಳು, ಕೆಪ್ಯಾಸಿಟರು, ಉದ್ದವಾದ ಕೇಬಲು, ಇವೆಲ್ಲವನ್ನು ದಾಟಿ ಹೋಗಬೇಕು. ಸ್ವರಗುಣವು ಮಾರ್ಪಡುವದು ಈ ದಾರಿಯಲ್ಲಿಯೇ. ಸುರುಳಿಗೆ ಇಂಡಕ್ಟನ್ಸ್ ಎಂಬ ಗುಣವಿದೆ. ಕೇಬಲಿಗೆ ಕೆಪ್ಯಾಸಿಟನ್ಸ್ ಎಂಬ ಗುಣವಿದೆ. ಇವೆರಡೂ ಕೂಡಿದಾಗ ಒಂದು ನಿರ್ದಿಷ್ಟ ಕಂಪನಸಂಖ್ಯೆಯಲ್ಲಿ ನಾದವು ಉಬ್ಬಿ, ಅದಕ್ಕಿಂತ ಮೇಲಿನ ಸ್ವರಾಂಶಗಳು ಬೇಗನೆ ಕುಗ್ಗಿಹೋಗುವವು. ಪಿಕಪ್ಪಿನ ಇಂಡಕ್ಟನ್ಸು ೨.೫ ಹೆನ್ರಿಯೂ, ಕೇಬಲು ಮೊದಲಾದವುಗಳ ಒಟ್ಟು ಕೆಪ್ಯಾಸಿಟನ್ಸು ೬೦೦ ಪಿಕೋಫ್ಯಾರಡೂ ಆಗಿದ್ದರೆ, ಆ ಉಬ್ಬು ಸೆಕೆಂಡಿಗೆ ಸುಮಾರು ೪,೧೦೦ ಕಂಪನಗಳ ಬಳಿ ಬೀಳುವದು. ಕೇಬಲನ್ನು ಉದ್ದಮಾಡಿ ಒಟ್ಟು ೧,೧೦೦ ಪಿಕೋಫ್ಯಾರಡ್ ಆಗುವಂತೆ ಮಾಡಿದರೆ ಅದು ಸುಮಾರು ೩,೦೦೦ಕ್ಕೆ ಇಳಿಯುವದು. ಆದುದರಿಂದ ನಾದವು ಮಂಕಾಗಿದೆಯೆಂದು ತೋರಿದಾಗ, ಬೆಸುಗೆಗೆ ಕೈಹಾಕುವ ಮೊದಲು ಚಿಕ್ಕ ಕೇಬಲೊಂದನ್ನು ಹಾಕಿ ಕೇಳುವದು ಬುದ್ಧಿವಂತಿಕೆ.

ಎರಡನೆಯದಾಗಿ ತಿರುಗುಗುಂಡಿಗಳನ್ನು ನೋಡೋಣ. ಇವುಗಳ ಕೆಳಗಿರುವ ಪೊಟೆನ್ಶಿಯೋಮೀಟರು ಪೂರ್ತಿಯಾಗಿ ತೆರೆದಿರುವಾಗಲೂ ವಿದ್ಯುತ್ತಿನ ಸ್ವಲ್ಪ ಭಾಗವನ್ನು ನೆಲಸರಿಗೆಗೆ ಬಿಟ್ಟುಕೊಡುವದು. ಒಂಟಿ ಸುರುಳಿಯ ಪಿಕಪ್ಪುಗಳಿಗೆ ೨೫೦ ಸಾವಿರ ಓಮಿನವನ್ನೂ ಜೋಡಿಸುರುಳಿಯ ಹಂಬಕರ್ ಪಿಕಪ್ಪುಗಳಿಗೆ ೫೦೦ ಸಾವಿರ ಓಮಿನವನ್ನೂ ಹಾಕುವದು ರೂಢಿ. ೨೫೦ನ್ನು ತೆಗೆದು ೫೦೦ನ್ನು ಹಾಕಿದರೆ ಮೇಲೆ ಹೇಳಿದ ಉಬ್ಬು ಎತ್ತರವಾಗಿ ನಾದವು ಹೊಳಪುಗೊಳ್ಳುವದು. ೫೦೦ರ ಸ್ಥಳದಲ್ಲಿ ೨೫೦ನ್ನು ಹಾಕಿದರೆ ಮೃದುವಾಗುವದು. ಹೊಸ ಗಿಟಾರಿನ ಬೆಲೆಗೆ ಹೋಲಿಸಿದರೆ ಈ ಬದಲಾವಣೆಗೆ ತಗಲುವ ವೆಚ್ಚವು ಅತ್ಯಲ್ಪ.

ಟೋನ್ ಗುಂಡಿಗೆ ಸೇರಿದ ಕೆಪ್ಯಾಸಿಟರು ಉಚ್ಚ ಸ್ವರಾಂಶಗಳನ್ನು ನೆಲಸರಿಗೆಗೆ ಹರಿಯಬಿಡುವ ಬಾಗಿಲಿದ್ದಂತೆ. ೦.೦೨೨ ಮತ್ತು ೦.೦೪೭ ಮೈಕ್ರೋಫ್ಯಾರಡಿನವು ವಾಡಿಕೆಯಲ್ಲಿವೆ. ಅಂಕವು ದೊಡ್ಡದಾದಷ್ಟೂ ಗುಂಡಿಯನ್ನು ತಿರುವಿದಾಗ ನಾದವು ಹೆಚ್ಚು ಕಪ್ಪಾಗುವದು. ಪೂರ್ತಿ ಕತ್ತಲಾಗುವದು ಬೇಡವೆನ್ನುವವರು ೦.೦೧ ಅಥವಾ ಅದಕ್ಕೂ ಕಡಿಮೆಯದನ್ನು ಹಾಕಬಹುದು. ಇಲ್ಲಿ ಒಂದು ಮಾತನ್ನು ಮರೆಯಬಾರದು: ಗುಂಡಿಯು ಪೂರ್ತಿ ತೆರೆದಿದ್ದರೆ ಈ ಅಂಕದ ಭೇದವು ಕಿವಿಗೆ ಹೆಚ್ಚುಕಡಿಮೆ ತಿಳಿಯದು. ಟೋನ್ ಗುಂಡಿಯನ್ನು ಮುಟ್ಟದವರು ಕೆಪ್ಯಾಸಿಟರಿಗಾಗಿ ಹಣ ವೆಚ್ಚಮಾಡುವದು ವ್ಯರ್ಥ.

ಶಬ್ದವನ್ನು ತಗ್ಗಿಸಿದ ಕೂಡಲೆ ನಾದದ ಹೊಳಪೂ ಹೋಗುವದೆಂದು ದೂರುವವರುಂಟು. ಶಬ್ದದ ಗುಂಡಿಯ ಒಳಬರುವ ಮತ್ತು ಹೊರಹೋಗುವ ಕೊಂಡಿಗಳ ನಡುವೆ ಸುಮಾರು ೦.೦೦೧ ಮೈಕ್ರೋಫ್ಯಾರಡಿನ ಚಿಕ್ಕ ಕೆಪ್ಯಾಸಿಟರನ್ನೂ ಅದರ ಜೊತೆಗೆ ೧೫೦ ಸಾವಿರ ಓಮಿನ ಒಂದು ರೆಸಿಸ್ಟರನ್ನೂ ಬೆಸೆದರೆ, ಉಚ್ಚ ಸ್ವರಾಂಶಗಳು ಆ ಅಡ್ಡದಾರಿಯಿಂದ ಹಾದುಹೋಗಿ ಹೊಳಪು ಉಳಿಯುವದು.

ಇನ್ನು ಸುರುಳಿಗಳನ್ನು ಒಂದಕ್ಕೊಂದು ಕೂಡಿಸುವ ಕ್ರಮ. ಎರಡು ಸುರುಳಿಗಳನ್ನು ಒಂದರ ಹಿಂದೊಂದರಂತೆ ಸರಣಿಯಾಗಿ ಜೋಡಿಸಿದರೆ ಇಂಡಕ್ಟನ್ಸುಗಳು ಕೂಡಿಕೊಂಡು ನಾದವು ದೊಡ್ಡದೂ ದಪ್ಪವೂ ಆಗುವದು; ಪಕ್ಕಪಕ್ಕದಲ್ಲಿ ಸಮಾಂತರವಾಗಿ ಜೋಡಿಸಿದರೆ ಇಂಡಕ್ಟನ್ಸು ಇಳಿದು ನಾದವು ತಿಳಿಯಾಗುವದು. ಒಂದರ ಎರಡು ಸರಿಗೆಗಳನ್ನು ಅದಲುಬದಲು ಮಾಡಿದರೆ, ಎರಡು ಪಿಕಪ್ಪುಗಳಿಗೂ ಸಮಾನವಾದ ಅಂಶಗಳು, ವಿಶೇಷವಾಗಿ ಮಂದ್ರದವು, ಪರಸ್ಪರ ಅಳಿಸಿಹೋಗಿ ಮೂಗಿನಿಂದ ಬಂದಂಥ ತೆಳ್ಳನೆಯ ಧ್ವನಿಯು ಉಳಿಯುವದು. ಸೆತ್ ಲವರ್ ಎಂಬಾತನು ೧೯೫೫ರಲ್ಲಿ ರೂಪಿಸಿದ ಹಂಬಕರಿನಲ್ಲಿ ಎರಡು ಸುರುಳಿಗಳೂ ಅವುಗಳ ಅಯಸ್ಕಾಂತ ಧ್ರುವಗಳೂ ವಿರುದ್ಧವಾಗಿರುವದರಿಂದ, ತಂತಿಯ ನಾದವು ಕೂಡಿಕೊಳ್ಳುತ್ತದೆ, ಮನೆಯ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯು ಅಳಿದುಹೋಗುತ್ತದೆ. ಸ್ವಿಚ್ಚಿನಿಂದ ಒಂದು ಸುರುಳಿಯನ್ನು ಬಿಟ್ಟುಬಿಟ್ಟರೆ ತಿಳಿಯಾದ ನಾದವು ದೊರೆಯುವದು. ಆದರೆ ಆ ಗುಂಯ್‌ಗುಟ್ಟುವಿಕೆಯೂ ಹಿಂದಿರುಗುವದು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುವದು ಈ ವಿದ್ಯೆಯಲ್ಲಿ ಸಾಮಾನ್ಯ.

ಇಂಥ ಮಾರ್ಪಾಟುಗಳು ಕಾರ್ಖಾನೆಯವರಿಂದಲೇ ಬಂದವೆಂದು ತಿಳಿಯಬಾರದು. ೧೯೫೪ರಲ್ಲಿ ಹೊರಬಂದ ಸ್ಟ್ರಾಟೋಕ್ಯಾಸ್ಟರಿಗೆ ಮೂರು ಪಿಕಪ್ಪುಗಳೂ ಮೂರು ನೆಲೆಯ ಒಂದು ಸ್ವಿಚ್ಚೂ ಇದ್ದವು. ಆ ಸ್ವಿಚ್ಚನ್ನು ಎರಡು ನೆಲೆಗಳ ನಡುವೆ ನಿಲ್ಲಿಸಿದರೆ ಎರಡು ಪಿಕಪ್ಪುಗಳು ಒಟ್ಟಿಗೆ ನುಡಿಯುವವೆಂದು ವಾದಕರೇ ಕಂಡುಕೊಂಡರು. ೧೯೭೭ರಲ್ಲಿ ಫೆಂಡರ್ ಕಂಪೆನಿಯು ಐದು ನೆಲೆಯ ಸ್ವಿಚ್ಚನ್ನೇ ಅಳವಡಿಸಿತು. ಇಂಗ್ಲೆಂಡಿನಲ್ಲಿ ಬ್ರಯಾನ್ ಮೇ ಎಂಬ ಹದಿನಾರು ವರ್ಷದ ಹುಡುಗನು ೧೯೬೩ರಲ್ಲಿ ತನ್ನ ತಂದೆಯಾದ ಹೆರಾಲ್ಡನೊಂದಿಗೆ ಮನೆಯಲ್ಲಿಯೇ ಗಿಟಾರೊಂದನ್ನು ಕಟ್ಟಲಾರಂಭಿಸಿದನು. ಹಳೆಯ ಅಗ್ಗಿಷ್ಟಿಕೆಯ ಮರದಿಂದ ಅದರ ಕತ್ತನ್ನೂ, ಹಳೆಯ ಮೋಟಾರು ಸೈಕಲಿನ ಸ್ಪ್ರಿಂಗುಗಳಿಂದ ಸ್ವರ ನಡುಗಿಸುವ ಸಾಧನವನ್ನೂ ಮಾಡಿದರು. ಅದರ ಮೂರು ಪಿಕಪ್ಪುಗಳು ಸರಣಿಯಾಗಿ ಕೂಡಿವೆ. ಪ್ರತಿಯೊಂದಕ್ಕೂ ತೆರೆಯಲು ಒಂದು, ದಿಕ್ಕನ್ನು ತಿರುಗಿಸಲು ಒಂದು, ಹೀಗೆ ಒಟ್ಟು ಆರು ಸ್ವಿಚ್ಚುಗಳುಂಟು. ಕ್ವೀನ್ ಎಂಬ ವಾದ್ಯವೃಂದದಲ್ಲಿ ಆ ಗಿಟಾರಿನ ನಾದವು ಲೋಕಪ್ರಸಿದ್ಧವಾಯಿತು. ಆ ಹುಡುಗನು ೨೦೦೭ರಲ್ಲಿ ಖಗೋಳ ಭೌತಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನೂ ಪಡೆದನು. ತಂದೆಯು ಮಗನ ಪಕ್ಕದಲ್ಲಿ ಕುಳಿತು ಉಪಕರಣಗಳನ್ನು ಹಿಡಿಯಲು ಕಲಿಸಿದ್ದರಿಂದ ಇಷ್ಟೆಲ್ಲ ಸಾಧ್ಯವಾಯಿತೆಂಬದನ್ನು ಹೆಣ್ಣುಮಕ್ಕಳ ತಂದೆಗಳೂ ಗಮನಿಸಲೆಂದು ಕೋರುತ್ತೇವೆ.

ಈಗ ಅಪಾಯದ ಪ್ರಶ್ನೆ. ಕೇಬಲಿನಿಂದ ಕಳಚಿದ ಗಿಟಾರಿನೊಳಗೆ ಪ್ರಾಣಕ್ಕೆ ಕುಂದು ತರುವ ವಿದ್ಯುತ್ತು ಇರುವದಿಲ್ಲ. ಕೆಲವುಗಳಲ್ಲಿ ೯ ವೋಲ್ಟಿನ ಬ್ಯಾಟರಿಯಿದ್ದರೆ ಅದನ್ನು ತೆಗೆದಿಟ್ಟರಾಯಿತು. ಎಚ್ಚರವು ಬೇಕಾದದ್ದು ಬೆಸುಗೆಯ ಕಡ್ಡಿಯ ವಿಷಯದಲ್ಲಿ. ಅದರ ತುದಿಯು ಸುಮಾರು ೩೫೦ ಡಿಗ್ರಿ ಸೆಲ್ಸಿಯಸ್ ಕಾಯುವದರಿಂದ ಕಣ್ಣಿಗೆ ಕನ್ನಡಕ, ಕೋಣೆಗೆ ಗಾಳಿ, ಕಡ್ಡಿಗೆ ನೆಲೆಯಾದ ಆಸರೆ ಇರಬೇಕು. ಬೆಸುಗೆಯ ಲೋಹದಲ್ಲಿ ಸೀಸವಿರಬಹುದಾದ್ದರಿಂದ ಕೆಲಸ ಮುಗಿದೊಡನೆ ಕೈ ತೊಳೆಯತಕ್ಕದ್ದು. ಆದರೆ ಆಂಪ್ಲಿಫೈಯರನ್ನು ಮಾತ್ರ ಯಾವ ಹುಡುಗಿಯೂ ಬಿಚ್ಚಕೂಡದು. ವಾಲ್ವಿನವುಗಳಲ್ಲಿ ನೂರಾರು ವೋಲ್ಟುಗಳಿರುವವು. ಪ್ಲಗ್ಗನ್ನು ಕಿತ್ತ ಮೇಲೂ ಅವುಗಳ ಕೆಪ್ಯಾಸಿಟರುಗಳು ಆ ಶಕ್ತಿಯನ್ನು ಹಿಡಿದಿಟ್ಟುಕೊಂಡಿರಬಹುದು. ಗಿಟಾರಿನ ತಂತಿಗಳು ನೆಲಸರಿಗೆಗೆ ಸೇರಿರುವದರಿಂದ, ಆಂಪ್ಲಿಫೈಯರಾಗಲಿ ಧ್ವನಿವಾಹಕವಾಗಲಿ ಭೂಮಿಗೆ ಸರಿಯಾಗಿ ಜೋಡಿಸಲ್ಪಡದಿದ್ದರೆ ವಾದಕನ ದೇಹವೇ ವಿದ್ಯುತ್ತಿಗೆ ದಾರಿಯಾಗಬಹುದು. ೧೯೭೨ರಲ್ಲಿ ಸ್ವಾನ್ಸಿ ಪಟ್ಟಣದ ವೇದಿಕೆಯ ಮೇಲೆ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕನು ಭೂಜೋಡಣೆಯಿಲ್ಲದ ಧ್ವನಿವಾಹಕವನ್ನು ಮುಟ್ಟಿ ಮರಣಹೊಂದಿದನು. ಆದಕಾರಣ ಮೂರು ಕಡ್ಡಿಯ ಪ್ಲಗ್ಗಿನ ಮೂರನೆಯದನ್ನು ತೆಗೆಯಬೇಡಿರಿ. ಮನೆಯ ಭೂಜೋಡಣೆಯನ್ನು ಬಲ್ಲವರಿಂದ ಒಮ್ಮೆ ಪರೀಕ್ಷಿಸಿರಿ.

ಕೆಲಸದ ಕ್ರಮವು ಹೀಗಿರಲಿ. ಮೊದಲು ಇದ್ದ ಜೋಡಣೆಯ ಚಿತ್ರವನ್ನು ಬರೆದುಕೊಂಡು ಪ್ರತಿ ಸರಿಗೆಯ ಬಣ್ಣವನ್ನೂ ಗುರುತಿಸಿರಿ. ಒಂದು ಸಾರಿಗೆ ಒಂದೇ ಬದಲಾವಣೆಯನ್ನು ಮಾಡಿ, ಮುಚ್ಚಳ ಹಾಕುವ ಮೊದಲೇ ಕೇಬಲನ್ನು ಕೂಡಿಸಿ ಪಿಕಪ್ಪನ್ನು ತಿರುಪುಳಿಯಿಂದ ಮೆಲ್ಲಗೆ ತಟ್ಟಿ ಶಬ್ದ ಬರುವದೋ ಎಂದು ನೋಡಿರಿ. ಮಲ್ಟಿಮೀಟರು ಒಂಟಿ ಸುರುಳಿಗೆ ಸಾಧಾರಣವಾಗಿ ೫ರಿಂದ ೮ ಸಾವಿರ ಓಮುಗಳನ್ನು ತೋರಿಸುವದು; ಏನೂ ತೋರದಿದ್ದರೆ ಎಲ್ಲಿಯೋ ಸರಿಗೆಯು ಕಡಿದಿದೆಯೆಂದು ತಿಳಿಯಿರಿ. ತೆಗೆದ ಭಾಗಗಳನ್ನು ಲಕೋಟೆಯಲ್ಲಿ ಹೆಸರು ಬರೆದಿಡಿರಿ. ಹೊಸ ನಾದವು ಮೆಚ್ಚಿಕೆಯಾಗದಿದ್ದರೆ ಹಳೆಯದಕ್ಕೆ ಹಿಂದಿರುಗುವ ದಾರಿಯು ತೆರೆದಿರುವದು.

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಈಗ ತಾಯಂದಿರಾಗಿರುವವರು ಅನೇಕರು. ನಿಮ್ಮ ಮಗಳು ಗಿಟಾರಿನ ಮುಚ್ಚಳವನ್ನು ಬಿಚ್ಚಲು ಅಪ್ಪಣೆ ಕೇಳಿದರೆ, ಮೇಜಿನ ಮೇಲೆ ಹಳೆಯ ಬಟ್ಟೆಯನ್ನು ಹಾಸಿ, ದೀಪವನ್ನು ಹತ್ತಿರಕ್ಕೆ ಸರಿಸಿ, ಅವಳ ಪಕ್ಕದಲ್ಲಿ ಕುಳಿತುಕೊಳ್ಳಿರೆಂದು ಮಾತ್ರ ನಮ್ಮ ಬಿನ್ನಹ.